ಡಾಕ್ಟರ್ ಪಲ್ಪು ಅವರ ಜೀವಿತವೂ ನಮ್ಮ ವೈದ್ಯವಿದ್ಯಾರ್ಥಿಗಳೂ

ಪರೀಕ್ಷೆಗಳ ಫಲಿತಾಂಶ ಹೊರಬೀಳುವ ಕಾಲ ಬಂದಿತೆಂದರೆ ನಮ್ಮ ಮೈಸೂರು ನಗರದ ಮನೆಮನೆಗಳಲ್ಲಿಯೂ ಒಂದೇ ವಿಚಾರವು ಚರ್ಚೆಗೆ ಬರುವುದು. ಮಕ್ಕಳನ್ನು ವೈದ್ಯಕೀಯ ಕಾಲೇಜಿಗೆ ಸೇರಿಸುವ ಬಯಕೆಯುಳ್ಳ ತಂದೆತಾಯಿಗಳು, ಈ ವರ್ಷವೇ ಅರ್ಜಿ ಹಾಕಿಸಬೇಕೇ, ಒಂದು ವರ್ಷ ಮನೆಯಲ್ಲಿರಿಸಿ ಮತ್ತೆ ಓದಿಸಬೇಕೇ, ಅಥವಾ ಬಿ.ಎಸ್‌ಸಿ. ಪದವಿಯೊಂದು ಕೈಗೆ ಬಂದ ಮೇಲೆ ಯತ್ನಿಸಬೇಕೇ ಎಂದು ಬಂಧುಮಿತ್ರರನ್ನು ಕೇಳುತ್ತ ತಿರುಗುವರು. ಒಮ್ಮೆ ಯತ್ನಿಸಿ ಸೋತ ಹುಡುಗರು ತಮ್ಮ ವಯಸ್ಸು ಮೀರಿತೆಂದು ಕೊರಗುವರು. ಈ ವಿಷಯದಲ್ಲಿ ಉಪದೇಶಮಾಡುವವರು ಬಹುಮಂದಿ ಇರುವರು. ನಾವು ಉಪದೇಶಕ್ಕಿಂತಲೂ ಒಂದು ಜೀವಿತವನ್ನು ವಾಚಕರ ಮುಂದಿರಿಸುವುದೇ ಲೇಸೆಂದು ಭಾವಿಸುತ್ತೇವೆ. ಅದು ಮೈಸೂರು ಸಂಸ್ಥಾನದ ಸೇವೆಯಲ್ಲಿ ತಮ್ಮ ಆಯುಷ್ಯದ ಉತ್ತಮ ಭಾಗವನ್ನು ಸವೆಸಿದ ಡಾಕ್ಟರ್ ಪದ್ಮನಾಭನ್ ಪಲ್ಪು ಅವರ ಜೀವಿತ.

ಪಲ್ಪು ಅವರು ಹುಟ್ಟಿದುದು 1863ನೆಯ ಇಸವಿ ನವೆಂಬರ್ 2ರಂದು, ತಿರುವನಂತಪುರದ ಪೇಟೆ ಎಂಬ ಭಾಗದಲ್ಲಿ. ಅವರ ಕುಲವು ಈಳವ ಕುಲ. ತೆಂಗಿನ ತೋಟದ ಕೆಲಸ, ಶೇಂದಿ ಇಳಿಸುವುದು, ನಾರು ಹೊಸೆಯುವುದು, ಬೇಸಾಯ ಇವು ಆ ಜನರ ಕಸುಬುಗಳೆಂದು ಸರಕಾರದ ಕಾಗದಗಳಲ್ಲಿ ಬರೆಯಲ್ಪಟ್ಟಿದ್ದವು. ಆದರೆ ಆ ಕುಲದಲ್ಲಿ ವಂಶಪಾರಂಪರ್ಯವಾಗಿ ಆಯುರ್ವೇದವನ್ನು ಬಲ್ಲ ವೈದ್ಯರೂ ಇದ್ದರೆಂಬುದನ್ನು ಬಹುಮಂದಿ ಮರೆತಿದ್ದರು. ಹದಿನೇಳನೆಯ ಶತಮಾನದಲ್ಲಿ ಡಚ್ಚರ ಅಧಿಕಾರಿ ವಾನ್ ರೀಡ್ ಎಂಬಾತನು ಮಲಬಾರಿನ ಗಿಡಮೂಲಿಕೆಗಳನ್ನು ಕುರಿತು ಹನ್ನೆರಡು ಸಂಪುಟಗಳ ಮಹಾಗ್ರಂಥವನ್ನು ಸಿದ್ಧಪಡಿಸಿದಾಗ, ಮೂಲಿಕೆಗಳ ಹೆಸರನ್ನೂ ಗುಣವನ್ನೂ ತಿಳಿಸಿಕೊಟ್ಟವರಲ್ಲಿ ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯನು ಮುಖ್ಯನಾಗಿದ್ದನು. ಯುರೋಪಿನ ವಿದ್ವಾಂಸರು ಯಾವ ಕುಲದ ವೈದ್ಯನಿಂದ ಪಾಠ ಕಲಿತರೋ ಆ ಕುಲದ ಹುಡುಗನಿಗೆ ಇನ್ನೂರು ವರ್ಷಗಳ ಬಳಿಕ ಸ್ವದೇಶದಲ್ಲಿಯೇ ವೈದ್ಯವಿದ್ಯೆಯ ಬಾಗಿಲು ಮುಚ್ಚಲ್ಪಟ್ಟಿತೆಂಬುದು ಕಾಲದ ವೈಪರೀತ್ಯವೇ ಸರಿ.

ಮುಚ್ಚಿದ ಬಾಗಿಲಿನ ಅನುಭವವು ಆ ಮನೆಗೆ ಹೊಸದಾಗಿರಲಿಲ್ಲ. ಪಲ್ಪು ಅವರ ಅಣ್ಣನಾದ ವೇಲಾಯುಧನ್ ಅವರು ತಮ್ಮ ಸಮುದಾಯದಲ್ಲಿ ಮೊಟ್ಟಮೊದಲಿಗೆ ಬಿ.ಎ. ಪದವಿಯನ್ನು ಪಡೆದವರು. ಪದವಿಯನ್ನು ಪಡೆದರೂ ತಿರುವಾಂಕೂರು ಸರಕಾರದಲ್ಲಿ ಅವರಿಗೆ ಉದ್ಯೋಗ ದೊರೆಯಲಿಲ್ಲ. ಅವರು ಮದರಾಸು ಸರಕಾರದ ಸೇವೆಗೆ ಹೋಗಬೇಕಾಯಿತು. ಇದನ್ನೆಲ್ಲ ಕಣ್ಣಾರೆ ಕಂಡ ತಮ್ಮನು ಓದಿನಿಂದ ಫಲವಿಲ್ಲವೆಂದು ಕೈಚೆಲ್ಲಿದ್ದರೆ ಯಾರೂ ಆತನನ್ನು ದೂರುತ್ತಿರಲಿಲ್ಲ. ಆದರೆ ಪಲ್ಪು ಅವರು ಹಾಗೆ ಮಾಡಲಿಲ್ಲ. ವೈದ್ಯವಿದ್ಯಾಭ್ಯಾಸಕ್ಕೆ ಯುವಕರನ್ನು ಆರಿಸುವುದಕ್ಕಾಗಿ ತಿರುವಾಂಕೂರಿನಲ್ಲಿ ನಡೆಯುತ್ತಿದ್ದ ಪರೀಕ್ಷೆಗೆ 1884ರಲ್ಲಿ ಕುಳಿತು ಮೇಲ್ದರ್ಜೆಯಲ್ಲಿ ತೇರ್ಗಡೆಯಾದರು. ಅವರಿಗಿಂತ ಕೆಳಗಿನ ಸ್ಥಾನದವರು ಆರಿಸಲ್ಪಟ್ಟರು. ಅವರ ಹೆಸರು ಮಾತ್ರ ಬಿಟ್ಟುಹೋಯಿತು. ಅವರಲ್ಲಿದ್ದ ನಿಜವಾದ ಅನರ್ಹತೆಯು ಈಳವ ಕುಲದಲ್ಲಿ ಹುಟ್ಟಿದುದೊಂದೇ.

ಈ ಸ್ಥಳದಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಇಪ್ಪತ್ತರ ಹರೆಯದ ಆ ಯುವಕನ ಮುಂದೆ ಮೂರು ಮಾರ್ಗಗಳಿದ್ದವು. ವೈದ್ಯವಿದ್ಯೆಯ ಆಸೆಯನ್ನೇ ತೊರೆದು ಬೇರೊಂದು ಕಸುಬನ್ನು ಹಿಡಿಯುವುದು ಒಂದು. ಊರಿನಲ್ಲಿಯೇ ನಿಂತು ನ್ಯಾಯ ದೊರೆಯುವವರೆಗೆ ಬಿನ್ನಹಗಳನ್ನು ಬರೆಯುತ್ತ ಕಾಯುವುದು ಎರಡನೆಯದು. ಊರನ್ನು ಬಿಟ್ಟು, ಕುಲವನ್ನು ಕೇಳದ ಕಾಲೇಜನ್ನು ಹುಡುಕಿಕೊಂಡು ಹೋಗುವುದು ಮೂರನೆಯದು. ಮೊದಲನೆಯದು ಸುಲಭವಾದುದು, ಎರಡನೆಯದು ಮಾನವಂತರಿಗೆ ಹಿತವಾಗಿ ಕಾಣುವಂಥದು. ಪಲ್ಪು ಅವರು ಮೂರನೆಯದನ್ನು ಆರಿಸಿದರು. ಮರುವರ್ಷವೇ, ಎಂದರೆ 1885ರಲ್ಲಿ, ಅವರು ಮದರಾಸಿನ ವೈದ್ಯಕೀಯ ಕಾಲೇಜನ್ನು ಸೇರಿದರು. ತಿರುವನಂತಪುರಕ್ಕೆ ಆಗ ಇನ್ನೂ ರೈಲು ಬಂದಿರಲಿಲ್ಲ. 1835ರಲ್ಲಿ ಸ್ಥಾಪಿತವಾದ ಆ ಮದರಾಸಿನ ವಿದ್ಯಾಲಯವು 1875ರಷ್ಟು ಹಿಂದೆಯೇ ನಾಲ್ವರು ಸ್ತ್ರೀಯರನ್ನು ವಿದ್ಯಾರ್ಥಿನಿಯರನ್ನಾಗಿ ಸ್ವೀಕರಿಸಿದ್ದಿತು. ಅಲ್ಲಿ ಓದಿ ಪಲ್ಪು ಅವರು ಎಲ್.ಎಂ.ಎಸ್. ಎಂಬ ವೈದ್ಯಪದವಿಯನ್ನು ಪಡೆದರು.

ಅನ್ಯಾಯದ ವಿರುದ್ಧ ಹೋರಾಡುವ ಸಂಕಲ್ಪವನ್ನು ಅವರು ಬಿಟ್ಟರೆಂದು ಇದರಿಂದ ತಿಳಿಯಲಾಗದು. ಆ ಹೋರಾಟವನ್ನು ಅವರು ಮುಂದೆ ಹೇಗೆ ನಡೆಸಿದರೆಂಬುದನ್ನು ಕೆಳಗೆ ಹೇಳುವೆವು. ಆದರೆ ನ್ಯಾಯ ಸಿಕ್ಕಿದ ಮೇಲೆ ಓದುವೆನೆಂದು ಅವರು ಕುಳಿತುಕೊಳ್ಳಲಿಲ್ಲ. ಮೊದಲು ವಿದ್ಯೆ, ಆ ವಿದ್ಯೆಯ ಬಲದಿಂದ ಹೋರಾಟ ಎಂಬುದು ಅವರು ಹಿಡಿದ ಕ್ರಮ. ಯಾವಾಗ ಅರ್ಜಿ ಹಾಕಬೇಕೆಂದು ಚಿಂತಿಸುವ ನಮ್ಮ ತರುಣರು ಈ ಕ್ರಮವನ್ನು ಗಮನಿಸತಕ್ಕದ್ದು.

ವೈದ್ಯರಾಗಿ ಸ್ವದೇಶಕ್ಕೆ ಮರಳಿದ ಪಲ್ಪು ಅವರು ತಿರುವಾಂಕೂರಿನ ಆರೋಗ್ಯ ಇಲಾಖೆಯಲ್ಲಿ ಕೆಲಸವನ್ನು ಬೇಡಿದರು. ಪದವಿ ಇದ್ದರೂ ಅದೇ ಉತ್ತರ ಬಂದಿತು. ಆಗ ಮದರಾಸಿನಲ್ಲಿ ಲಸಿಕೆಯ ಇಲಾಖೆಯಲ್ಲಿ ತಿಂಗಳಿಗೆ 70 ರೂಪಾಯಿಗಳ ಕೆಲಸಕ್ಕೆ ಸೇರಿ, ಬಳಿಕ 100 ರೂಪಾಯಿಗಳ ಸಂಬಳದ ಮೇಲೆ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಶ್ರೀ ಚಾಮರಾಜೇಂದ್ರ ಒಡೆಯರವರ ಪ್ರಭುತ್ವವೂ ಸರ್ ಕೆ. ಶೇಷಾದ್ರಿ ಅಯ್ಯರವರ ದಿವಾನಗಿರಿಯೂ ನಡೆಯುತ್ತಿದ್ದ ಕಾಲವದು. 1881ರಲ್ಲಿ ರಾಜ್ಯವು ಒಡೆಯರ ವಂಶಕ್ಕೆ ಮರಳಿದ ಮೇಲೆ ಆಡಳಿತದ ಎಲ್ಲ ಇಲಾಖೆಗಳಿಗೂ ಕಲಿತ ಜನರು ಬೇಕಾಗಿದ್ದರು. ತಿರುವಾಂಕೂರು ಕಳೆದುಕೊಂಡುದನ್ನು ಮೈಸೂರು ಪಡೆಯಿತು. ಸಮರ್ಥನನ್ನು ಹೊರಗಟ್ಟುವ ಸರಕಾರವು ನೆರೆಯ ಸರಕಾರಕ್ಕೆ ತಾನೇ ಕಾಣಿಕೆ ಕೊಟ್ಟಂತಾಗುವುದೆಂಬುದನ್ನು ಅಧಿಕಾರಸ್ಥರು ಯಾವ ಕಾಲದಲ್ಲಿಯೂ ಮರೆಯಬಾರದು.

ಬೆಂಗಳೂರಿನ ಲಸಿಕೆಯ ಸಂಸ್ಥೆಯಲ್ಲಿ ಅವರಿಗೆ ಕೆಲಸ. ಸಿಡುಬು ನಮ್ಮ ಹಳ್ಳಿಪಳ್ಳಿಗಳನ್ನು ಮೇಲಿಂದ ಮೇಲೆ ಹಾಳುಗೆಡಹುತ್ತಿದ್ದ ದಿನಗಳವು. ಜನರು ದಾಕು ಹಾಕುವುದೆಂದು ಕರೆಯುತ್ತಿದ್ದ ಕ್ರಮವು ಮೊದಲಿಗೆ ಒಂದು ಮಗುವಿನ ತೋಳಿನ ಗುಳ್ಳೆಯಿಂದ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಸೇರಿಸುವುದಾಗಿದ್ದಿತು. ಇದರಿಂದ ಬೇರೆ ರೋಗಗಳು ಅಂಟುವ ಭಯವಿದ್ದಿತು. ಯಾರ ಮಗುವಿನ ರಸವನ್ನು ಯಾರ ಮಗುವಿಗೆ ಹಾಕುವುದೆಂಬ ಜಾತಿಯ ತಕರಾರೂ ಏಳುತ್ತಿದ್ದಿತು. ಕರುಗಳ ಮೈಮೇಲೆ ಲಸಿಕೆಯನ್ನು ಬೆಳೆಸಿ, ಶುದ್ಧಿಗೊಳಿಸಿ, ಊರೂರಿಗೆ ಕಳುಹಿಸುವ ಪದ್ಧತಿ ಬಂದ ಮೇಲೆ ಈ ತೊಡಕುಗಳು ತಗ್ಗಿದವು. ಇಂಥ ಲಸಿಕೆಯನ್ನು ಸಿದ್ಧಪಡಿಸುವ ಜವಾಬ್ದಾರಿಯು ಪಲ್ಪು ಅವರ ಮೇಲೆ ಬಿದ್ದಿತು. ಯಾರ ಕುಲವನ್ನು ಕಂಡು ತಿರುವಾಂಕೂರಿನವರು ವೈದ್ಯಶಾಲೆಯ ಬಾಗಿಲನ್ನು ಮುಚ್ಚಿದರೋ, ಅವರ ಮೇಲ್ವಿಚಾರಣೆಯಲ್ಲಿ ಸಿದ್ಧವಾದ ಲಸಿಕೆಯು ಮೈಸೂರು ಸೀಮೆಯಲ್ಲಿ ಕುಲಭೇದವಿಲ್ಲದೆ ಮಕ್ಕಳ ತೋಳನ್ನು ಸೇರಿತು. ಸಿಡುಬು ಭೂಮಂಡಲದಿಂದ ತೊಲಗಿತೆಂದು 1980ರಲ್ಲಿ ಜಗತ್ತಿನ ಆರೋಗ್ಯ ಸಂಸ್ಥೆಯು ಸಾರಿದುದನ್ನು ವಾಚಕರು ಬಲ್ಲರು. ಆ ಮಹಾಕಾರ್ಯದ ಹಿಂದೆ ಇಂಥ ಹೆಸರಿಲ್ಲದ ದುಡಿಮೆ ಎಷ್ಟೋ ಇರುವುದು.

ಕೈಗೆ ಕೆಲಸ, ನಿಲ್ಲುವುದಕ್ಕೆ ನೆಲೆ ದೊರೆತ ಮೇಲೆ ಪಲ್ಪು ಅವರು ಹಳೆಯ ಲೆಕ್ಕವನ್ನು ಮತ್ತೆ ತೆರೆದರು. 1891ರ ಜನವರಿಯಲ್ಲಿ ತಿರುವಾಂಕೂರಿನ ಮಹಾರಾಜರಿಗೆ ಅರ್ಪಿತವಾದ ಮಲಯಾಳಿ ಬಿನ್ನವತ್ತಳೆಗೆ ಹತ್ತು ಸಾವಿರಕ್ಕೂ ಮಿಕ್ಕಿ ಜನರು ಸಹಿ ಹಾಕಿದ್ದರು. ಅದರಲ್ಲಿ ಮೂರನೆಯ ಸಹಿ ಪಲ್ಪು ಅವರದು. ತಿಂಗಳಿಗೆ 5 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸಂಬಳದ ಸರಕಾರಿ ಕೆಲಸದಲ್ಲಿ ಈಳವನೊಬ್ಬನೂ ಇಲ್ಲವೆಂಬ ಸಂಗತಿಯು ಅದರಲ್ಲಿ ಎತ್ತಿ ತೋರಿಸಲ್ಪಟ್ಟಿದ್ದಿತು. ಆ ಜನರು ತಮ್ಮ ಕುಲಕಸುಬಿನಲ್ಲಿಯೇ ತೃಪ್ತರಾಗಿರುವರು, ಉನ್ನತ ವಿದ್ಯೆಯನ್ನು ಬಯಸುವುದಿಲ್ಲ ಎಂಬರ್ಥದ ಉತ್ತರವು ಸರಕಾರದಿಂದ ಬಂದಿತು. ವಿದ್ಯೆಯನ್ನು ಬಯಸಿ ಬಂದವನನ್ನು ತಳ್ಳಿದ ಸರಕಾರವೇ ಬಯಸುವವರಿಲ್ಲವೆಂದು ಹೇಳಿದುದು ಎಷ್ಟು ವಿಚಿತ್ರ! ಪಲ್ಪು ಅವರು ಇದಕ್ಕೆ ಕೋಪದಿಂದಲ್ಲ, ಅಂಕಿಗಳಿಂದ ಉತ್ತರಕೊಟ್ಟರು. 1896ರ ಸೆಪ್ಟೆಂಬರಿನಲ್ಲಿ ಈಳವರದೇ ಆದ ಬಿನ್ನವತ್ತಳೆಯೊಂದು 13,176 ಜನರ ಸಹಿಯೊಡನೆ ಮಹಾರಾಜರ ಸನ್ನಿಧಿಗೆ ಹೋಯಿತು. ಸರಕಾರಿ ಶಾಲೆಗಳಲ್ಲಿ ಪ್ರವೇಶ, ಸರಕಾರಿ ಸೇವೆಯಲ್ಲಿ ಅವಕಾಶ ಇವೇ ಅದರ ಬೇಡಿಕೆ. ಅದಕ್ಕೂ ಕೂಡಲೇ ಫಲ ದೊರೆಯಲಿಲ್ಲ. ಆದರೆ ಒಬ್ಬನ ದುಃಖವು ಹದಿಮೂರು ಸಾವಿರ ಜನರ ಪ್ರಶ್ನೆಯಾಯಿತು.

1892ರಲ್ಲಿ ಸ್ವಾಮಿ ವಿವೇಕಾನಂದರು ಮೈಸೂರು ಸಂಸ್ಥಾನಕ್ಕೆ ಬಂದರು. ಆಗ ಪಲ್ಪು ಅವರಿಗೆ ಸ್ವಾಮಿಗಳ ದರ್ಶನವಾಯಿತು. ಮಲಯಾಳ ದೇಶದಲ್ಲಿ ಜಾತಿಯ ಹೆಸರಿನಲ್ಲಿ ನಡೆಯುತ್ತಿದ್ದ ಅನ್ಯಾಯಗಳನ್ನು ಅವರು ನಿವೇದಿಸಿದರು. ಜನರನ್ನು ಎಚ್ಚರಿಸಬೇಕಾದರೆ ಅವರ ಧರ್ಮಶ್ರದ್ಧೆಯ ಮೂಲಕವೇ ಕಾರ್ಯಮಾಡಬೇಕು, ಅಂಥ ಗುರುವೊಬ್ಬನನ್ನು ಮುಂದಿಟ್ಟುಕೊಳ್ಳಬೇಕು ಎಂಬ ಸಲಹೆಯನ್ನು ಸ್ವಾಮಿಗಳು ಕೊಟ್ಟರೆಂದು ಪ್ರತೀತಿ. ಪಲ್ಪು ಅವರು ಆ ಗುರುವನ್ನು ಶ್ರೀ ನಾರಾಯಣ ಗುರುಗಳಲ್ಲಿ ಕಂಡರು. ಗುರುಗಳು ಬೆಂಗಳೂರಿನ ಅವರ ಮನೆಗೆ ದಯಮಾಡಿಸಿದ್ದುಂಟು. ಗುರುಗಳ ಶಿಷ್ಯರಾದ ಕುಮಾರನ್ ಆಶಾನ್ ಎಂಬ ತರುಣರನ್ನು ಪಲ್ಪು ಅವರು ತಮ್ಮ ಮನೆಯಲ್ಲಿಯೇ ಇರಿಸಿಕೊಂಡು ಬೆಂಗಳೂರಿನ ಶ್ರೀ ಚಾಮರಾಜೇಂದ್ರ ಸಂಸ್ಕೃತ ಪಾಠಶಾಲೆಯಲ್ಲಿ ಓದಿಸಿದರು. ಆ ತರುಣರೇ ಮುಂದೆ ಮಲಯಾಳದ ಮಹಾಕವಿಗಳಾದರು. ತಾವು ಪಡೆಯಲು ಕಷ್ಟಪಟ್ಟ ವಿದ್ಯೆಯನ್ನು ಇನ್ನೊಬ್ಬರಿಗೆ ಸುಲಭವಾಗಿಸಿಕೊಟ್ಟುದು ಪಲ್ಪು ಅವರ ದೊಡ್ಡತನ. 1903ರಲ್ಲಿ ಗುರುಗಳನ್ನು ಅಧ್ಯಕ್ಷರನ್ನಾಗಿಯೂ ಆಶಾನರನ್ನು ಕಾರ್ಯದರ್ಶಿಗಳನ್ನಾಗಿಯೂ ಉಳ್ಳ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗವು ಸ್ಥಾಪಿತವಾಯಿತು. ಅದನ್ನು ಕಟ್ಟಿದವರಲ್ಲಿ ಪಲ್ಪು ಅವರು ಅಗ್ರಗಣ್ಯರು. ಅದೇ ಗುರುಗಳ ಹಸ್ತದಿಂದ 1912ರಲ್ಲಿ ನಮ್ಮ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆಯಾದುದನ್ನು ಕನ್ನಡಿಗರು ನೆನೆಯಬಹುದು.

ಪಲ್ಪು ಅವರ ವೈದ್ಯವಿದ್ಯೆಯು ಅಗ್ನಿಪರೀಕ್ಷೆಗೆ ಗುರಿಯಾದುದು 1898ರಲ್ಲಿ. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಪ್ಲೇಗು ರೈಲುಮಾರ್ಗವಾಗಿ ಬೆಂಗಳೂರನ್ನು ಹೊಕ್ಕಿತು. ಮೈಸೂರು ನಗರವನ್ನೂ ಬಿಡಲಿಲ್ಲ. ರೋಗಾಣುವನ್ನು 1894ರಲ್ಲಿ ಕಂಡುಹಿಡಿದಿದ್ದರು. 1897ರಲ್ಲಿ ಹಾಫ್‌ಕಿನ್ ಎಂಬ ವಿದ್ವಾಂಸನು ಮುಂಬಯಿಯಲ್ಲಿ ಚುಚ್ಚುಮದ್ದನ್ನು ಸಿದ್ಧಪಡಿಸಿದ್ದನು. ಆದರೆ ಇಲಿಯ ಮೈಮೇಲಣ ಚಿಗಟವೇ ರೋಗವನ್ನು ಹರಡುವುದೆಂಬ ಮಾತನ್ನು ವೈದ್ಯರೇ ಇನ್ನೂ ನಂಬಿರಲಿಲ್ಲ. ಇಲಿ ಬಿದ್ದ ಮನೆಯನ್ನು ಬಿಟ್ಟು ಜನರು ಊರ ಹೊರಗಣ ಗುಡಿಸಲುಗಳಿಗೆ ಓಡಿದರು. ಆಸ್ಪತ್ರೆಗೆ ಎಳೆದೊಯ್ಯುವರೆಂಬ ಭಯದಿಂದ ಕೆಲವರು ರೋಗಿಗಳನ್ನು ಬಚ್ಚಿಟ್ಟರು. ಹೆಣ ಹೊರುವವರು ಸಿಗದ ದಿನಗಳವು. ಅಂಥ ಸಮಯದಲ್ಲಿ ಪಲ್ಪು ಅವರು ಬೆಂಗಳೂರಿನ ಪ್ಲೇಗು ಶಿಬಿರದ ಮೇಲ್ವಿಚಾರಕರಾಗಿ ರೋಗಿಗಳ ನಡುವೆ ನಿಂತು ಕೆಲಸಮಾಡಿದರು. ಮನೆಯಲ್ಲಿ ಎಳೆಯ ಮಕ್ಕಳಿದ್ದರು. 1895ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರ ಮಗನೊಬ್ಬನೇ ಮುಂದೆ ನಟರಾಜ ಗುರುವೆಂದು ಪ್ರಸಿದ್ಧನಾದವನು. ವೈದ್ಯನಾಗುವ ಆಸೆಯುಳ್ಳ ತರುಣನು ಅರ್ಜಿಯನ್ನು ಬರೆಯುವ ಮುನ್ನ ಈ ಶಿಬಿರವನ್ನು ಒಮ್ಮೆ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಲಿ. ಅಲ್ಲಿಗೆ ಹೋಗುವೆನೆಂದು ಆತನ ಹೃದಯವು ಒಪ್ಪಿದರೆ ಆತನು ಅರ್ಜಿ ಹಾಕುವ ಕಾಲ ಬಂದಿದೆಯೆಂದು ತಿಳಿಯಬಹುದು. 2020ರ ಮಹಾಮಾರಿಯ ಕಾಲದಲ್ಲಿ ನಮ್ಮ ವೈದ್ಯರೂ ದಾದಿಯರೂ ಇಂಥದೇ ಪರೀಕ್ಷೆಗೆ ಒಳಗಾದುದನ್ನು ನಾವೆಲ್ಲರೂ ಕಂಡಿರುವೆವು.

ಪ್ಲೇಗಿನ ಪಾಠವನ್ನು ಮೈಸೂರು ಸರಕಾರವು ವ್ಯರ್ಥಗೊಳಿಸಲಿಲ್ಲ. ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ ಗಾಳಿ ಬೆಳಕುಗಳುಳ್ಳ ಬಡಾವಣೆಗಳನ್ನು ರಚಿಸುವುದಕ್ಕಾಗಿ ನಮ್ಮ ನಗರದಲ್ಲಿ 1903ರಲ್ಲಿ ನಗರಾಭಿವೃದ್ಧಿ ಮಂಡಲಿಯು ಸ್ಥಾಪಿತವಾಯಿತು. ಆರೋಗ್ಯಶಾಸ್ತ್ರವನ್ನು ಚೆನ್ನಾಗಿ ಬಲ್ಲ ಅಧಿಕಾರಿಗಳು ಬೇಕೆಂದು ಸರಕಾರವು ಪಲ್ಪು ಅವರನ್ನು ಇಂಗ್ಲೆಂಡಿಗೆ ಕಳುಹಿಸಿತು. ಅವರು ಕೇಂಬ್ರಿಜ್ಜಿನಲ್ಲಿ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಪಡೆದು ಬಂದು ಬೆಂಗಳೂರು ನಗರದ ಆರೋಗ್ಯಾಧಿಕಾರಿಗಳಾದರು. ಸ್ವದೇಶದ ವೈದ್ಯಶಾಲೆಗೆ ಬೇಡವಾದವರು ಹೀಗೆ ವಿದ್ಯಾರ್ಥಿಯಾಗಿ ವಿದೇಶದ ಮಹಾವಿದ್ಯಾಲಯವನ್ನು ಪ್ರವೇಶಿಸಿದಾಗ ಅವರ ವಯಸ್ಸು ಮೂವತ್ತನ್ನು ಮೀರಿದ್ದಿತು. ಮುಂದೆ ನಮ್ಮ ಸಂಸ್ಥಾನದಲ್ಲಿ ಹಲವು ಹೊಣೆಗಳನ್ನು ನಿರ್ವಹಿಸಿ, ಕೆಲಕಾಲ ಬರೋಡೆಯಲ್ಲಿಯೂ ದುಡಿದು, ವಿಶ್ರಾಂತಿಯ ಬಳಿಕ ತಿರುವನಂತಪುರಕ್ಕೆ ಹಿಂದಿರುಗಿದರು. 1936ರ ನವೆಂಬರ್ 12ರಂದು ತಿರುವಾಂಕೂರಿನ ದೇವಾಲಯಗಳ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆದುದನ್ನು ಅವರು ಕಣ್ಣಾರೆ ಕಂಡರು. 1950ನೆಯ ಇಸವಿ ಜನವರಿ 25ರಂದು ಅವರು ಕಾಲಾಧೀನರಾದರು. ಮಾರನೆಯ ದಿನ ಭಾರತದ ಸಂವಿಧಾನವು ಜಾರಿಗೆ ಬಂದಿತು. ಸರಕಾರವು ನಡೆಸುವ ಅಥವಾ ಸರಕಾರದ ನೆರವನ್ನು ಪಡೆಯುವ ಯಾವ ವಿದ್ಯಾಲಯವೂ ಕೇವಲ ಜಾತಿಯ ಕಾರಣದಿಂದ ಪ್ರವೇಶವನ್ನು ನಿರಾಕರಿಸತಕ್ಕದ್ದಲ್ಲವೆಂದು ಅದರ 29ನೆಯ ಅನುಚ್ಛೇದವು ವಿಧಿಸಿರುವುದು. 1884ರ ಆ ಯುವಕನಿಗೆ ಬರಬೇಕಾಗಿದ್ದ ಉತ್ತರವು, ಆತನು ಕಣ್ಣುಮುಚ್ಚಿದ ಮರುದಿನ, ಇಡೀ ದೇಶಕ್ಕೆ ಬಂದಿತು.

ಇನ್ನು ನಮ್ಮ ನಗರದ ಪ್ರಶ್ನೆಗೆ ಬರೋಣ. 1924ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ ಬೆಂಗಳೂರಿನಲ್ಲಿ ವೈದ್ಯಕೀಯ ಕಾಲೇಜು ಆರಂಭವಾಗಿ, 1930ರಲ್ಲಿ ಮೈಸೂರಿಗೆ ಬಂದು ನೆಲಸಿತು. ಅದಕ್ಕೆ ಮುಂಚೆ ವೈದ್ಯಪದವಿಯನ್ನು ಬಯಸುವ ನಮ್ಮ ಹುಡುಗರು ಪಲ್ಪು ಅವರಂತೆಯೇ ಮದರಾಸಿಗೋ ಮುಂಬಯಿಗೋ ಹೋಗಬೇಕಾಗಿದ್ದಿತು. ಇಂದು ಇರ್ವಿನ್ ರಸ್ತೆಯ ಆ ಕಾಲೇಜೂ ಅದರ ಬಳಿಯ ದೊಡ್ಡಾಸ್ಪತ್ರೆಯೂ ನಮ್ಮ ಕಣ್ಣೆದುರಿಗೇ ಇವೆ. ಆದರೆ ಒಳಗೆ ಹೋಗುವ ದಾರಿ ಕಿರಿದಾಗಿರುವುದು. 2024ರಲ್ಲಿ ನೀಟ್ ಪರೀಕ್ಷೆಗೆ ದೇಶದಲ್ಲಿ ಇಪ್ಪತ್ತಮೂರು ಲಕ್ಷಕ್ಕೂ ಮಿಕ್ಕಿ ಜನರು ಕುಳಿತರು, ಎಂ.ಬಿ.ಬಿ.ಎಸ್. ಸ್ಥಾನಗಳು ಒಂದು ಲಕ್ಷಕ್ಕೆ ತುಸು ಹೆಚ್ಚು. ಇಂಥಲ್ಲಿ ಮೊದಲ ಯತ್ನದಲ್ಲಿ ಸೋತವನು ಅಯೋಗ್ಯನೆಂದು ಹೇಳುವುದು ವಿವೇಕವಲ್ಲ.

ವಯಸ್ಸು ಮೀರಿತೆಂಬ ಭಯಕ್ಕೂ ಹೆಚ್ಚಿನ ಆಧಾರವಿಲ್ಲ. ಸಾಮಾನ್ಯ ವರ್ಗದವರಿಗೆ ಇಪ್ಪತ್ತೈದು ವರ್ಷವೆಂದಿದ್ದ ಪರಮಾವಧಿಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ತೆಗೆದುಹಾಕಿತು. ನಾಲ್ಕೂವರೆ ವರ್ಷದ ಪಾಠ, ಒಂದು ವರ್ಷದ ಆಸ್ಪತ್ರೆಯ ಅಭ್ಯಾಸ ಇವು ಕೂಡಿ ಐದೂವರೆ ವರ್ಷಗಳಾಗುವುವು. ಹದಿನೆಂಟಕ್ಕೆ ಸೇರಿದವನು ಇಪ್ಪತ್ತನಾಲ್ಕರ ಒಳಗೂ, ಬಿ.ಎಸ್‌ಸಿ. ಮುಗಿಸಿ ಇಪ್ಪತ್ತೊಂದಕ್ಕೆ ಸೇರಿದವನು ಇಪ್ಪತ್ತೇಳರ ಒಳಗೂ ವೈದ್ಯನಾಗುವನು. ಪಲ್ಪು ಅವರೂ ಇಪ್ಪತ್ತೊಂದು ತುಂಬಿದ ಮೇಲೆಯೇ ಮದರಾಸಿನ ಕಾಲೇಜನ್ನು ಸೇರಿದವರು. ಮೂರು ವರ್ಷಗಳ ಹಿಂದುಮುಂದಿನಿಂದ ಒಂದು ಜೀವಿತವು ಕೆಡುವುದಿಲ್ಲ.

ಆದರೆ ವಯಸ್ಸಿನ ಮಿತಿ ಹೋಯಿತೆಂದು ಮಿತಿಯಿಲ್ಲದೆ ಕಾಯುವುದೂ ಸರಿಯಲ್ಲ. ಸಿದ್ಧತೆ ಸಾಲದೆಂದು ಮನಸ್ಸಿಗೆ ತೋರಿದರೆ ಒಂದು ವರ್ಷವನ್ನು ನಿಷ್ಠೆಯಿಂದ ಓದಿಗೆ ಕೊಡುವುದು ಲೇಸು. ಎರಡು ಸಲ ಯತ್ನಿಸಿಯೂ ಫಲ ದೊರೆಯದಿದ್ದರೆ ಪದವಿ ತರಗತಿಯೊಂದಕ್ಕೆ ಸೇರಿ, ಅಲ್ಲಿಂದಲೇ ಯತ್ನವನ್ನು ಮುಂದುವರಿಸುವುದು ಇನ್ನೂ ಲೇಸು. ಬರಿದೆ ಕಳೆದ ವರ್ಷವೇ ನಷ್ಟವಾದ ವರ್ಷ. ಆರೋಗ್ಯಸೇವೆಗೆ ವೈದ್ಯನ ಪದವಿಯೊಂದೇ ದಾರಿಯಲ್ಲವೆಂಬುದೂ ನೆನಪಿರಲಿ. ನೆರೆಹೊರೆಯವರ ಮೆಚ್ಚುಗೆಗಾಗಿ, ಮದುವೆಯ ಮಾರುಕಟ್ಟೆಗಾಗಿ ಹಾಕುವ ಅರ್ಜಿಯು ಹದಿನೆಂಟರಲ್ಲಿ ಹಾಕಿದರೂ ಅಕಾಲವೇ. ರೋಗಿಯ ಬಳಿ ನಿಲ್ಲುವ ಮನಸ್ಸಿನಿಂದ ಹಾಕುವ ಅರ್ಜಿಯು ಇಪ್ಪತ್ತೈದರಲ್ಲಿ ಹಾಕಿದರೂ ಸಕಾಲವೇ.

ಅಧಿಕಾರಿಗಳಿಗೂ ನಾವು ಒಂದು ಮಾತನ್ನು ಹೇಳಬೇಕಾಗಿದೆ. ಜಾತಿಯ ಹೆಸರಿನಲ್ಲಿ ಬಾಗಿಲನ್ನು ಮುಚ್ಚುವ ಕಾಲ ಹೋಯಿತು. ಹಣದ ಹೆಸರಿನಲ್ಲಿ ಮುಚ್ಚುವ ಕಾಲ ಬರಬಾರದು. ಪರೀಕ್ಷೆಗೆ ತರಬೇತಿ ಕೊಡುವ ಖಾಸಗಿ ಶಾಲೆಗಳ ಶುಲ್ಕವನ್ನು ತೆರಲಾರದ ರೈತನ ಮಗಳು, ಗುಮಾಸ್ತೆಯ ಮಗ ಒಂದು ವರ್ಷ ಕಾದರೂ ಪ್ರಯೋಜನವೇನು? ಮತ್ತೆ ಯತ್ನಿಸುವ ಅನುಕೂಲವು ಉಳ್ಳವರಿಗೆ ಮಾತ್ರ ಇರುವುದಾದರೆ, ಯಾವಾಗ ಅರ್ಜಿ ಹಾಕಬೇಕೆಂಬ ಪ್ರಶ್ನೆಯೂ ಉಳ್ಳವರದೇ ಆಗುವುದು. ತಾಲ್ಲೂಕು ತಾಲ್ಲೂಕಿನಲ್ಲಿಯೂ ಉಚಿತ ಪಾಠ, ನಗರದಲ್ಲಿ ಬಡ ವಿದ್ಯಾರ್ಥಿಗಳಿಗೆ ಸಾಕಷ್ಟು ವಸತಿ, ಸರಕಾರಿ ಕಾಲೇಜುಗಳಲ್ಲಿ ಹೆಚ್ಚು ಸ್ಥಾನಗಳು ಇವುಗಳನ್ನು ಒದಗಿಸುವುದು ಸರಕಾರದ ಕರ್ತವ್ಯ. 1884ರಲ್ಲಿ ಪಲ್ಪು ಅವರ ಅರ್ಜಿಯನ್ನು ತಳ್ಳಿಹಾಕಿದ ಅಧಿಕಾರಿಯ ಹೆಸರನ್ನು ಇಂದು ಯಾರೂ ಎತ್ತುವುದಿಲ್ಲ. ಪಲ್ಪು ಅವರ ಹೆಸರು ಉಳಿದಿದೆ. ಅರ್ಜಿಗಳನ್ನು ಸ್ವೀಕರಿಸುವ ಸ್ಥಾನದಲ್ಲಿರುವವರು ಇದನ್ನು ಮನಸ್ಸಿನಲ್ಲಿಟ್ಟು ನಡೆಯುವರೆಂದು ನಂಬಿದ್ದೇವೆ.